ನಾಯಿಗೆಂದು ನೇಯಿಸಿದ ಕಂಬಳಿ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಾಯಿಯ ಬೂಟುಗಳು ನಾಲ್ಕಿದ್ದವೋ ಮೂರೋ ಎಂಬುದೇ ನನಗೆ ಖಚಿತವಿಲ್ಲ. ನಾಲ್ಕು ಎಂದೇ ಕಣ್ಣಿಗೆ ಕಟ್ಟುತ್ತದೆ, ಆದರೆ ನಾಯಿಗೆ ನಾಲ್ಕು ಕಾಲು ಎಂದು ಗೊತ್ತಿರುವುದರಿಂದ ಹಾಗೆ ಕಾಣುತ್ತದೋ ಏನೋ. ಅವ್ವ ಮೂರೇ ಎನ್ನುತ್ತಿದ್ದಳು; ಹಿಂದಿನ ಒಂದು ಕಾಲು ಸುಟ್ಟಿರಲಿಲ್ಲವಂತೆ. ಭಾಷಾವಾರು ಪ್ರಾಂತಗಳ ಮಾತು ಜೋರಾಗಿದ್ದ ವರ್ಷಗಳು ಅವು. ಸೊಲ್ಲಾಪುರ, ಅಕ್ಕಲಕೋಟೆ ಯಾವ ಕಡೆ ಹೋಗುತ್ತವೆ ಎಂದು ಅಪ್ಪ ತನ್ನ ಗೆಳೆಯರ ಜೊತೆ ಚಹಾ ಆರುವವರೆಗೂ ವಾದಿಸುತ್ತಿದ್ದ. ಅದು ತೀರ್ಮಾನವಾಗುವ ಮೊದಲಿನ ಚಳಿಗಾಲವೋ ಆಮೇಲಿನದೋ, ಹೇಳಲಾರೆ. ನನಗೆ ಎಂಟೋ ಒಂಬತ್ತೋ ವಯಸ್ಸು. ಮುಂದೆ ಧಾರವಾಡದಲ್ಲಿ ಇತಿಹಾಸ ಓದುವಾಗ, ಕಂಡವರ ಮಾತು ಯಾವುದು, ಕೇಳಿದವರ ಮಾತು ಯಾವುದು ಎಂದು ಬೇರೆ ಮಾಡುವುದನ್ನು ಕಲಿಸಿದರು. ಈ ಒಂದು ಸಂಗತಿಯಲ್ಲಿ ಆ ವಿದ್ಯೆಯಿಂದ ನನಗೆ ದಣಿವಷ್ಟೇ ಬಂದಿದೆ. ಕಂಡದ್ದರ ಒಳಗೆ ಕೇಳಿದ್ದು ಎಷ್ಟು ಬೆರೆತಿದೆ ಎಂದರೆ, ಈಗ ಬೇರೆ ಮಾಡಲು ಹೋದರೆ ಎರಡೂ ಉಳಿಯುವುದಿಲ್ಲ.

ಸೊಲ್ಲಾಪುರದಲ್ಲಿ ಮಿಲ್ಲಿನ ಹಿಂದಿನ ಗಲ್ಲಿಯಲ್ಲಿ ನಮಗೆ ಎರಡು ಖೋಲಿಗಳಿದ್ದವು. ಒಂದರಲ್ಲಿ ಅಪ್ಪ, ಅವ್ವ, ನಾನು. ಇನ್ನೊಂದರಲ್ಲಿ ಅಪ್ಪನ ತಮ್ಮ, ಅಂದರೆ ಕಾಕಾ, ಮತ್ತು ಕಾಕಿ. ಅಪ್ಪ ಮಿಲ್ಲಿನ ಕಚೇರಿಯಲ್ಲಿ ಕಾರಕೂನ, ಕಾಕಾ ಒಳಗೆ ಮಗ್ಗದ ಮೇಲೆ. ಕರಜಗಿಯಲ್ಲಿ ಅಪ್ಪನ ತಾಯಿ ಇದ್ದಳು. ನಾವು ಆಯಿ ಎನ್ನುತ್ತಿದ್ದೆವು. ಹೊಲ, ಕುರಿಹಿಂಡು ಎಲ್ಲ ಅವಳ ಕೈಯಲ್ಲಿ. ಕುರಿ ಬಿಟ್ಟು ಮಿಲ್ಲಿಗೆ ಬಂದವರು ನಮ್ಮ ಮನೆತನದಲ್ಲಿ ಈ ಇಬ್ಬರೇ.

ನಾಯಿ ಕಾಕಿಯದು. ಮದುವೆಯಲ್ಲಿ ಅವಳ ತವರಾದ ನಾಗಣಸೂರದಿಂದ ಒಂದು ಕುರಿ, ಒಂದು ನಾಯಿಮರಿ ಕೊಟ್ಟು ಕಳಿಸಿದ್ದರು. ಕುರಿ ಕರಜಗಿಯ ಹಿಂಡಿಗೆ ಸೇರಿತು. ಮರಿ ಮಾತ್ರ ಕಾಕಿಯ ಸೆರಗು ಬಿಡದೆ ಸೊಲ್ಲಾಪುರಕ್ಕೆ ಬಂತು. ಅದಕ್ಕೆ ಯಾರೂ ಹೆಸರಿಡಲಿಲ್ಲ. ಗಲ್ಲಿಯವರು ಅದನ್ನು ನಾಗಣಸೂರ ಎಂದೇ ಕರೆಯುತ್ತಿದ್ದರು, ಊರಿಗೆ ಊರೇ ಬಾಲ ಅಲ್ಲಾಡಿಸುತ್ತ ಬಂದಂತೆ.

ಗಲ್ಲಿಯ ತುದಿಗೆ ಚಾದರದ ನೂಲಿಗೆ ಬಣ್ಣ ಹಾಕುವವರ ಭಟ್ಟಿ ಇತ್ತು. ಅಲ್ಲಿಯ ನೀರು ತೆರೆದ ಗಟಾರಿನಲ್ಲಿ ಹರಿದು ನಮ್ಮ ಬಾಗಿಲ ಮುಂದೆ ಹಾದುಹೋಗುತ್ತಿತ್ತು, ಒಂದು ದಿನ ಕೆಂಪು, ಒಂದು ದಿನ ಹಸಿರು. ನಮ್ಮ ಕಡೆಯ ನಾಯಿಗಳ ಕಾಲಿಗೆ ಯಾವಾಗಲೂ ಯಾವುದೋ ಒಂದು ಬಣ್ಣ. ದೀಪಾವಳಿ ಕಳೆದ ಹೊಸತರಲ್ಲಿ ಒಂದು ಮಧ್ಯಾಹ್ನ, ನಾಗಣಸೂರ ಗಟಾರು ದಾಟುತ್ತಿದ್ದಾಗ ಭಟ್ಟಿಯಿಂದ ಸೋಡಾಖಾರ ಬೆರೆಸಿದ ಕುದಿನೀರು ಒಮ್ಮೆಲೇ ಬಂತು. ಕಾಲುಗಳು ಸುಟ್ಟವು. ಹೆದರಿ ಹೊರಳಿದ್ದಕ್ಕೆ ಬೆನ್ನೂ ಸುಟ್ಟಿತು. ಆ ಕೂಗು ನನಗೆ ನೆನಪಿದೆ ಎಂದುಕೊಂಡಿದ್ದೇನೆ. ನಾನು ಆಗ ಸಾಲೆಯಲ್ಲಿದ್ದೆ ಎಂದು ಅವ್ವ ಹೇಳುತ್ತಿದ್ದಳು.

ಕಾಕಿ ಎಣ್ಣೆ, ಅರಿಸಿನ ಹಚ್ಚಿದಳು. ಬೆನ್ನಿನ ಗಾಯ ಮಾಯಿತು. ಆದರೆ ಹೆಜ್ಜೆ ಊರಿದರೆ ಪಾದದ ಚರ್ಮ ಮತ್ತೆ ಬಿರಿಯುತ್ತಿತ್ತು. ಬಟ್ಟೆ ಸುತ್ತಿದರೆ ಕಚ್ಚಿ ಕಿತ್ತು ಹಾಕುತ್ತಿತ್ತು. ಕೊನೆಗೆ ಕಾಕಿ ಅದನ್ನು ಎತ್ತಿಕೊಂಡು ಮೂಲೆಯ ಚಪ್ಪಲಿ ಹೊಲಿಯುವವನ ಹತ್ತಿರ ಹೋದಳು. ನಾನೂ ಹಿಂದೆ ಹೋದೆ.

"ಅಣ್ಣಾ, ಇವಂಗ ಒಂದ ಬೂಟ ಹೊಲ್ದ ಕೊಡ್ತಿಯೇನು?"

ಅವನು ನಾಯಿಯನ್ನು ನೋಡಿದ, ಕಾಕಿಯನ್ನು ನೋಡಿದ. "ಕೊಡ್ತೀನಿ ಬಿಡು ಅಕ್ಕಾ. ಮಿಲ್ಲಿಗಿ ಹಚ್ಚಾಕಿ ಇದ್ದೀಯೋ, ಸಾಲಿಗಿ ಕಳಸಾಕಿ ಇದ್ದೀಯೋ? ಅದರ ಮ್ಯಾಲ ತಳ ಹಾಕತೀನಿ."

ಸೈಕಲ್ ಟ್ಯೂಬಿನ ರಬ್ಬರು ತಳಕ್ಕೆ, ಹಳೆಯ ಮೆತ್ತನೆ ಚರ್ಮ ಮೇಲಕ್ಕೆ, ಕಟ್ಟಲು ಲಾಡಿ. ಒಳಗೆ ಕಾಕಿ ಹತ್ತಿ ತುಂಬಿದಳು. ನಾಗಣಸೂರ ಅದನ್ನು ಹಾಕಿಕೊಂಡು ಮೊದಲ ಸಲ ಗಲ್ಲಿಗೆ ಇಳಿದಾಗ ಒಂದೊಂದು ಕಾಲನ್ನೂ ಎತ್ತಿ, ಸ್ವಲ್ಪ ಹೊತ್ತು ಗಾಳಿಯಲ್ಲಿ ಹಿಡಿದು, ನೆಲವನ್ನು ನಂಬದೆ ಇಡುತ್ತಿತ್ತು. ಎದುರುಮನೆಯ ಮರಾಠಿ ಬಾಯಿ ಮೊರ ಕೆಳಗಿಟ್ಟು ನಕ್ಕಳು. "ಆಲಾ ಬಗಾ, ನವರದೇವ ಆಲಾ!" ಮದುಮಗ ಬಂದ ಎಂದು. ಅಂದಿನಿಂದ ಮಕ್ಕಳಿಗೆಲ್ಲ ಅದು ನವರದೇವ. ಕಾಕಿ ಮೊದಲು ನಗುತ್ತಿದ್ದಳು. ಮದುಮಗ ಎಂಬ ಮಾತು ಆ ದಿನಗಳಲ್ಲಿ ಅವಳಿಗೆ ಹೇಗೆ ಕೇಳಿಸುತ್ತಿತ್ತೋ, ಆಗ ನಾನು ಯೋಚಿಸಿರಲಿಲ್ಲ.

ಯಾಕೆಂದರೆ ಆ ದಸರೆಗೆ ಆಯಿ ಬಂದಾಗ ಒಂದು ಮಾತು ಆಡಿ ಹೋಗಿದ್ದಳು. ಕಾಕಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಆಯಿ ಎಲ್ಲರೂ ಉಣ್ಣುತ್ತಿದ್ದಾಗ, ಉಪ್ಪು ಕೇಳಿದಷ್ಟು ಸಾದಾ ಹೇಳಿದಳು:

"ಬೋರಾಮಣಿಯಾಗ ಒಂದ ಹುಡಿಗಿ ನೋಡೀನಿ. ಸುಗ್ಗಿ ಆದ ಮ್ಯಾಲ ಮಾತ ಮುಗಸೂಣು. ಆಕಿ ಇಲ್ಲಿ ಇರ್ತಾಳ. ನೀ ನನ್ನ ಕೂಡ ಕರಜಗಿಗಿ ಬಾ, ಯವ್ವಾ. ಕುರ್ಯಾಗ ಕೈ ಬೇಕಾಗ್ಯಾವ."

ಒಬ್ಬ ಹೆಂಡತಿ ಇರುವಾಗ ಇನ್ನೊಬ್ಬಳನ್ನು ಮಾಡಿಕೊಳ್ಳಬಾರದು ಎಂದು ಕಾಯ್ದೆ ಬಂದಿದೆ ಎಂದು ಅಪ್ಪ ಮೆಲ್ಲಗೆ ಹೇಳಿದ. "ಕಾಯ್ದಾ ಬೊಂಬಾಯಾಗ ಇರ್ಲಿ," ಎಂದಳು ಆಯಿ. ಕಾಕಾ ತಾಟಿನಿಂದ ಮುಖ ಎತ್ತಲಿಲ್ಲ. ಅವನು ಒಲ್ಲೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೂಂ ಎಂದೂ ಅನ್ನಲಿಲ್ಲ. ಮಿಲ್ಲಿನ ಭೋಂಗಾ ಕೂಗಿತು, ಕೈ ತೊಳೆದು ಪಾಳಿಗೆ ಹೋದ. ಹೀಗೆ ಸುಗ್ಗಿಯವರೆಗೆ ಮಾತ್ರ ಆ ಖೋಲಿ ಕಾಕಿಯದು ಎಂದಾಯಿತು. ಅವಳು ಆ ವಿಷಯ ಎತ್ತಲಿಲ್ಲ. ನೀರು ತಂದಳು, ರೊಟ್ಟಿ ಬಡಿದಳು, ನಾಯಿಯ ಬೂಟಿನ ಲಾಡಿ ಕಟ್ಟಿದಳು, ಬಿಚ್ಚಿದಳು. ದಣಿದ ಹೆಂಗಸು ಎಂದರೆ ನನಗೆ ಈಗಲೂ ಲಾಡಿ ಕಟ್ಟಲು ಬಗ್ಗಿದ ಆ ಬೆನ್ನೇ ಕಾಣುತ್ತದೆ.

ಚಳಿ ಬಿತ್ತು. ನಾಯಿಯ ಬೆನ್ನಿನ ಮೇಲೆ ಕೂದಲು ಬರಲೇ ಇಲ್ಲ. ಬೆಳಿಗ್ಗೆ ಎದ್ದರೆ ಅದು ಒಲೆಯ ಬೂದಿಯಲ್ಲಿ ನಡುಗುತ್ತ ಕೂತಿರುತ್ತಿತ್ತು. ಗೋಣಿಚೀಲ ಹೊದಿಸಿದರೆ ಚುಚ್ಚುತ್ತಿತ್ತು. ಹಳೆಯ ಚಾದರದ ತುಂಡು ಕಟ್ಟಿದರೆ ಗಟಾರಿನ ನೀರಲ್ಲಿ ನೆನೆದು ಇನ್ನಷ್ಟು ಥಂಡಿ. ಕಂಬಳಿಯಾದರೆ ನೀರು ಹಿಡಿಯುವುದಿಲ್ಲ. ಮನೆಯಲ್ಲಿ ಹಳೆಯ ಕಂಬಳಿ ಇತ್ತು. ಕಾಕಿ ಅದನ್ನು ಕೊಡವಿ ಹರವಿದಳು. ಅವ್ವ ಕತ್ತರಿಯನ್ನು ಕಸಿದುಕೊಂಡಳು.

"ಹುಚ್ಚಿ ಇದ್ದೀಯೇನು? ಕಂಬಳಿಗಿ ಕತ್ತರಿ ಹಾಕ್ತಾರೇನು?"

ಕಂಬಳಿ ಎಂದರೆ ನಮ್ಮಲ್ಲಿ ಕುಲದೇವರು ಬೀರಪ್ಪನ ಗದ್ದುಗೆ. ಅದನ್ನು ಹಾಸಿ ದೇವರನ್ನು ಕೂಡಿಸುತ್ತಾರೆ, ಅದರ ಮೇಲೆ ಕೈಯಿಟ್ಟು ಆಣೆ ಮಾಡುತ್ತಾರೆ. ಹರಿದರೆ ಹೊಲಿಯಬಹುದು, ಕತ್ತರಿಸುವ ಹಾಗಿಲ್ಲ. ಸಣ್ಣದು ಬೇಕಾದರೆ ಸಣ್ಣದನ್ನೇ ನೇಯಿಸಬೇಕು.

"ಅಕ್ಕಲಕೋಟಿ ಸಂತಿಗಿ ಹೋಗಿ ಅಳತಿ ಕೊಟ್ಟು ಬಾ," ಎಂದಳು ಅವ್ವ. "ನಾಯಿಗಿ ಅಂತ ಮಾತ್ರ ಅನ್ನಬ್ಯಾಡ. ಆ ಕಂಬಳಿ ಮುದುಕ ನೇಯಂಗಿಲ್ಲ. ಎರಡ ಮೊಳದ್ದು ಬೇಕು ಅನ್ನು, ಸುಮ್ಮ ಬಾ."

ಎರಡು ಮೊಳದ ಕಂಬಳಿಯನ್ನು ನಮ್ಮ ಜನ ಯಾವುದಕ್ಕೆ ನೇಯಿಸುತ್ತಾರೆ ಎಂಬುದು ಅವ್ವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲವೇ? ಅವಳು ಸಾಯುವವರೆಗೂ ಹೊಳೆಯಲಿಲ್ಲ ಎಂದೇ ಹೇಳಿದಳು. ನಿನಗೆಂದು ಒಮ್ಮೆ ನೇಯಿಸಿದ್ದಷ್ಟೇ, ನೀನು ಹುಟ್ಟಿ ಎಷ್ಟು ದಿನವಾಗಿತ್ತು, ಮರೆತಿದ್ದೆ, ಎಂದಳು.

ಎಸ್‌ಟಿ ಬಸ್ಸು ಹಿಡಿದು ನಾನು, ಕಾಕಿ ಅಕ್ಕಲಕೋಟೆಗೆ ಹೋದೆವು. ಸಂತೆಯ ಅಂಚಿಗೆ ಕಂಬಳಿಯವರ ಸಾಲು. ಕರಜಗಿಯವರು ತಲೆಮಾರಿನಿಂದ ಒಬ್ಬ ಮುದುಕನ ಹತ್ತಿರವೇ ಕಂಬಳಿ ಒಯ್ಯುವವರು. ಅವನಿಗೆ ನಮ್ಮ ಮನೆಯ ಸೊಸೆಯಂದಿರ ಗುರುತೂ ಇತ್ತು. ಕಾಕಿ ಸೊಂಟದಿಂದ ಒಂದು ದಾರ ತೆಗೆದುಕೊಟ್ಟಳು. ನಾಯಿಯ ಕುತ್ತಿಗೆಯಿಂದ ಬಾಲದ ಬುಡದವರೆಗೆ ಅಳೆದ ದಾರ. ಮುದುಕ ಅದನ್ನು ತನ್ನ ಮೊಳಕ್ಕೆ ಹಿಡಿದು ನೋಡಿದ.

"ಎರಡ ಮೊಳ."

"ಹೂಂನ್ರಿ."

"ಬಿಳಿ ಅಂಚು ಹಾಕ್ಲೇನವ್ವಾ?"

ಕಾಕಿ ಸುಮ್ಮನಿದ್ದಳು. ಅವನೇ ಆಗಲಿ ಎಂದು ತಲೆಯಾಡಿಸಿದ. ಮಗ್ಗುಲಿನ ಚೀಲದಿಂದ ಬಂಡಾರದ ಅರಿಸಿನ ತೆಗೆದು ಅವಳ ಹಣೆಗೆ ಹಚ್ಚಿ, "ಬೀರಪ್ಪ ಕಾಯ್ಲಿ" ಎಂದ. ತೊಟ್ಟಿಲಿಗೆ ಹಾಸುವ ಕಂಬಳಿ ಎರಡು ಮೊಳದ್ದು, ಬಿಳಿ ಅಂಚಿನದು. ಅದನ್ನು ನೇಯಿಸಲು ಬಂದವಳನ್ನು ಯಾರೂ ಏನೂ ಕೇಳುವ ಹಾಗಿಲ್ಲ. ಬಾಯಿಬಿಟ್ಟು ಕೇಳಿದರೆ ದೃಷ್ಟಿ. ಹೀಗಾಗಿ ಅವನು ಕೇಳಲಿಲ್ಲ.

ನಾನು "ಇದು ನಮ್ಮ ನಾಯಿಗಿ" ಎನ್ನಲು ಹೋದೆ. ಕಾಕಿ ನನ್ನ ಕೈ ಅದುಮಿದಳು. ಇದನ್ನು ನಾನು ಅನೇಕ ಸಲ ಬರೆದು ಹೊಡೆದುಹಾಕಿದ್ದೇನೆ. ಅದುಮಿದ್ದು ನಿಜ, ಅವಳ ಬಳೆ ನನ್ನ ಮಣಿಕಟ್ಟಿಗೆ ಒತ್ತಿದ್ದು ನಿಜ. ಆದರೆ ಅದು ಮುದುಕನ ಮುಂದೆಯೋ, ಆಮೇಲೆ ಎತ್ತಿನಗಾಡಿಗಳ ನಡುವೆ ದಾರಿ ದಾಟುವಾಗಲೋ? ನಾನು ನಿಜವಾಗಿ ಬಾಯಿ ತೆರೆದಿದ್ದೆನೋ, ಇಲ್ಲವೋ? ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಹಣೆಯ ಬಂಡಾರವನ್ನು ಒರೆಸಿಕೊಳ್ಳಲಿಲ್ಲ. ಇದಂತೂ ಖಚಿತ, ಯಾಕೆಂದರೆ ಮನೆಗೆ ಬಂದಾಗ ಅವ್ವ ಅದನ್ನು ನೋಡಿ "ಗುಡಿಗಿ ಹೋಗಿದ್ರೇನು?" ಎಂದಿದ್ದಳು.

ಸಂಕ್ರಾಂತಿಗೆ ಮೊದಲು ಒಂದು ದಿನ, ಹೇಳದೆ ಕೇಳದೆ ಆಯಿ ಬಂದಿಳಿದಳು. ಒಂದು ಗಂಟು ತುಂಬ ಅಂಟಿನುಂಡಿ, ಹಸಿರು ಬಳೆ, ಖಣ. ಅವುಗಳ ಕೆಳಗೆ ಮಡಚಿದ ಸಣ್ಣ ಕಂಬಳಿ. ಸಂತೆಯಲ್ಲಿ ಮುದುಕ ಅದನ್ನು ಅವಳ ಕೈಗೇ ಕೊಟ್ಟಿದ್ದ. ಬಾಯಿಬಿಟ್ಟು ಏನೂ ಹೇಳಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಆಯಿ ಕಾಕಿಯನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದಳು. ಕಂಬಳಿಯನ್ನು ಉಡಿಯಲ್ಲಿಟ್ಟಳು. ಕಾಕಿಯ ಮುಖ ಸುಣ್ಣದ ಹಾಗಾಯಿತು. ಅವ್ವ ಒಲೆಯ ಮುಂದೆ ಗಕ್ಕನೆ ನಿಂತಳು. ನಾಗಣಸೂರ ಬಾಗಿಲಲ್ಲಿ ಬೂಟು ಹಾಕಿಕೊಂಡು ನಡುಗುತ್ತಿತ್ತು.

"ಏನಿದು ಸೋಂಗು?" ಎಂದಳು ಆಯಿ ಅದನ್ನು ನೋಡಿ. "ನಾಯಿ ಬೂಟ ಹಾಕ್ಕೊಂಡ ಕುರ್ಯಾಗ ಬಂದ್ರ ತ್ವಾಳ ನಕ್ಕು ನಕ್ಕು ಸಾಯ್ತದ."

ಎಲ್ಲರೂ ನಕ್ಕರು. ಆ ನಗೆಯಲ್ಲಿ ಹೇಳಬೇಕಾದ ಹೊತ್ತು ಕಳೆದುಹೋಯಿತು.

ಆಯಿ ಉಳಿದುಕೊಂಡಳು. ಕಾಕಿ ಕೊಡ ಎತ್ತುವಂತಿಲ್ಲ, ಬಗ್ಗುವಂತಿಲ್ಲ, ಲಾಡಿ ಕಟ್ಟುವಂತಿಲ್ಲ. ನಾಯಿಯ ಬೂಟು ಕಟ್ಟುವ ಕೆಲಸ ನನಗೆ ಬಂತು, ನನ್ನ ಗಂಟು ನಿಲ್ಲುತ್ತಿರಲಿಲ್ಲ. ಬೋರಾಮಣಿಯವರಿಗೆ ಬೇಡವೆಂದು ಹೇಳಿ ಕಳಿಸಿದ್ದಾಗಿದೆ ಎಂದು ಆಯಿ ಕಾಕಾನಿಗೆ ಹೇಳಿದ್ದು ನಾನೇ ಕೇಳಿದೆ. ಕಾಕಾ ತಲೆಯಾಡಿಸಿದ. ಕಂಬಳಿ ನಾಯಿಯದೆಂದು ಅವನಿಗೆ ಗೊತ್ತಿತ್ತೇ? ಅವ್ವ ಗೊತ್ತಿತ್ತು ಎನ್ನುತ್ತಿದ್ದಳು. ಗೊತ್ತಿದ್ದೂ ಸುಮ್ಮನಿದ್ದರೆ, ಅದು ಅವನು ಹೆಂಡತಿಗೆ ಮಾಡಿದ ಉಪಕಾರವೋ, ಎಂದಿನ ಅವನ ಸುಮ್ಮನಿರುವಿಕೆಯೋ.

ಆ ದಿನಗಳಲ್ಲಿ ಕಾಕಿ ಒಂದು ದಿನವಿಡೀ ಏಳಲಿಲ್ಲ. ಜ್ವರ ಎಂದರು. ಅವ್ವ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಇದ್ದಳು. ಆಯಿ ಆ ಹೊತ್ತು ಸಂಬಂಧಿಕರ ಮನೆಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ ಅವ್ವ ಕಾಕಿಯ ಸೀರೆ ತೊಳೆದು ಹಿತ್ತಲಲ್ಲಿ ಒಣಹಾಕುತ್ತಿದ್ದಳು ಎಂದು ನೆನಪು. ಅಥವಾ ಬೇರೆ ಯಾವುದೋ ಮನೆಯ, ಬೇರೆ ಯಾವುದೋ ಹೆಂಗಸಿನ ಸೀರೆಯನ್ನು ನನ್ನ ಮನಸ್ಸು ತಂದು ಇಲ್ಲಿ ಒಣಹಾಕಿದೆ.

ಮಾರನೆಯ ಬೆಳಿಗ್ಗೆ ಕಾಕಿ ಎದ್ದಳು. ಟ್ರಂಕಿನಿಂದ ಕಂಬಳಿ ತೆಗೆದಳು. ಅಂಗಳದಲ್ಲಿ ಆಯಿ ತಂಬಾಕು ತಿಕ್ಕುತ್ತ ಕೂತಿದ್ದಳು. ಅವಳ ಕಣ್ಣೆದುರೇ ಕಾಕಿ ನೆಲಕ್ಕೆ ಕೂತು, ನಾಯಿಯ ಬೆನ್ನಿಗೆ ಕಂಬಳಿ ಹೊದಿಸಿ, ಹೊಟ್ಟೆಯ ಕೆಳಗೆ ಲಾಡಿ ಕಟ್ಟತೊಡಗಿದಳು.

"ಏನ ಮಾಡಾಕತ್ತೀ?"

"ಇವಂಗ ಥಂಡಿ ಹತ್ತೇದ್ರಿ."

"ಅದು ಯಾರ ಕಂಬಳಿ ಅಂಬೋ ಖಬರ ಅದ ಏನು ನಿನಗ?"

"ಇವಂದೇ ರೀ, ಅತ್ತಿ. ಅಳತಿ ನೋಡ್ರಿ." ಕುತ್ತಿಗೆಯಿಂದ ಬಾಲದ ಬುಡದವರೆಗೆ ಕೈ ಆಡಿಸಿ ತೋರಿಸಿದಳು. ಒಂದು ಬೆರಳೂ ಹೆಚ್ಚು ಕಡಿಮೆ ಇರಲಿಲ್ಲ.

ಅವ್ವ ಬಾಗಿಲಿಗೆ ಬಂದು ಇದ್ದದ್ದನ್ನೆಲ್ಲ ಹೇಳಿದಳು. ಗಟಾರು, ಕತ್ತರಿ, ನಾಯಿಗೆಂದು ಅನ್ನಬೇಡ ಎಂದು ತಾನೇ ಹೇಳಿಕೊಟ್ಟದ್ದು. ಆಯಿ ಬೈಯುತ್ತಾಳೆ ಎಂದು ನಾನು ಗೋಡೆಗೆ ಆತು ನಿಂತೆ. ಅವಳು ಅಂಗೈಯ ತಂಬಾಕನ್ನೇ ನೋಡುತ್ತ ಕೂತಳು.

"ನಾ ಯಾರಿಗೂ ಏನೂ ಹೇಳಿಲ್ರಿ," ಎಂದಳು ಕಾಕಿ.

"ಹೇಳಿಲ್ಲ ಖರೆ. ಅಲ್ಲ ಅಂತನೂ ಹೇಳಿಲ್ಲಲ್ಲ."

"ಸಾಕಾಗ್ಯದ್ರಿ ನನಗ. ಈಗ ಹೇಳಾಕತ್ತೀನಲ್ರಿ."

"ಈಗ ಹೇಳಿ ಏನ ಮಾಡ್ತಿ? ಊರ ತುಂಬ ನಾ ಹೇಳೀನಿ. ಬೋರಾಮಣಿಯವ್ರು ಆ ಹುಡಿಗಿಗಿ ಬ್ಯಾರೆ ಕಡಿ ಎಲಿ-ಅಡಕಿ ಹಂಚ್ಯಾರ." ಆಯಿ ತಂಬಾಕನ್ನು ಬಾಯಿಗೆ ಹಾಕಿಕೊಂಡು ಅಂಗೈ ಝಾಡಿಸಿದಳು. "ಬಸರ ಇಳೀತು ಅಂತ ಹೇಳ್ತೀನಿ. ನೀ ಬಾಯಿ ತಗೀಬ್ಯಾಡ. ತಗೀದೇ ಇರೋದು ನಿನಗ ಚೊಲೋ ಬರ್ತದ."

ಕಂಬಳಿಯನ್ನು ನಾಯಿಯಿಂದ ಬಿಚ್ಚಿಸಲಿಲ್ಲ. "ಇರ್ಲಿ," ಎಂದಳು, "ನಾಯಿನೂ ದೇವರದೇ, ಮೈಲಾರನ ಕಡೀದೇ." ಅದೇ ದಿನ ಎಸ್‌ಟಿ ಹಿಡಿದು ಹೋದಳು. ಅವಳು ಕಾಪಾಡಿದ್ದು ತನ್ನ ಮುಖವನ್ನೋ ಸೊಸೆಯನ್ನೋ, ಕೇಳಬೇಕೆಂದು ನನಗೆ ಅನ್ನಿಸುವಷ್ಟರಲ್ಲಿ ಅವಳು ಇರಲಿಲ್ಲ.

ಹೆಂಗಸರು ಬರತೊಡಗಿದರು. ಕರಜಗಿಯಿಂದ ಬಂದರು, ಗಲ್ಲಿಯವರು ಬಂದರು. ನಾಗಣಸೂರದಿಂದ ಕಾಕಿಯ ತಾಯಿ ಬಂದಳು. ಆಕೆ ಬಾಗಿಲಲ್ಲೇ ನಾಯಿಯನ್ನು ನೋಡಿದಳು. ಮೈಮೇಲೆ ಬಿಳಿ ಅಂಚಿನ ತೊಟ್ಟಿಲ ಕಂಬಳಿ, ಕಾಲಲ್ಲಿ ಬೂಟು. ಹೊಟ್ಟೆಯ ಕೂಸು ಹೋದ ದುಃಖಕ್ಕೆ ಮಗಳು ಕಂಬಳಿಯನ್ನು ನಾಯಿಗೆ ಹೊದಿಸಿದ್ದಾಳೆ ಎಂದುಕೊಂಡು, "ನನ್ನ ಮೊಮ್ಮಗನ ಕಂಬಳಿ ನಾಯಿ ಪಾಲಿಗಿ ಬಂತಲ್ಲೇ ಯವ್ವಾ!" ಎಂದು ಹೊಸ್ತಿಲಲ್ಲೇ ಕುಸಿದು ಅತ್ತಳು. ಎದುರುಮನೆಯ ಮರಾಠಿ ಬಾಯಿ ನವರದೇವನ ತಲೆ ಸವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಗು ಬಂತು. ಅವ್ವನ ಕಡೆ ನೋಡಿದೆ, ಅವಳು ನಗುತ್ತಿರಲಿಲ್ಲ.

ಕಾಕಿ ಗೋಡೆಗೊರಗಿ ಕೂತು ಅಳುತ್ತಿದ್ದಳು. ಬಂದವರಿಗಾಗಿ ಅಳುವ ಅಳು ಹೇಗಿರುತ್ತದೆ ಎಂದು ಆ ವಯಸ್ಸಿಗೇ ನನಗೆ ಗೊತ್ತಿತ್ತು. ಯಾರಾದರೂ ಒಳಗೆ ಬಂದಾಗ ಏರುತ್ತದೆ, ಚಹಾ ಬಂದಾಗ ಇಳಿಯುತ್ತದೆ. ಇದು ಹಾಗಿರಲಿಲ್ಲ. ಬಂದವರೆಲ್ಲ ಹೋದರು. ಅವ್ವ ಲೋಟಗಳನ್ನು ಎತ್ತಿದಳು. ಕಾಕಿ ಅಳುತ್ತಲೇ ಇದ್ದಳು, ಸದ್ದಿಲ್ಲದೆ. ಒಳಗೆ ಬಂದ ನಾಯಿ ಅವಳ ತೊಡೆಯ ಮೇಲೆ ಮುಖವಿಟ್ಟಿತು.

ಎರಡನೆಯ ಮದುವೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಒಮ್ಮೆ ಬಸಿರಾದವಳು ಮತ್ತೆ ಆಗುತ್ತಾಳೆ ಎಂಬ ಲೆಕ್ಕ ಊರಿನದು. ಆಗಲಿಲ್ಲ. ಆದರೆ ಆ ಲೆಕ್ಕದ ಮೇಲೆ ವರ್ಷಗಳು ಸರಿದವು, ಖೋಲಿ ಅವಳದಾಗಿಯೇ ಉಳಿಯಿತು. ನಾಗಣಸೂರ ಇನ್ನಷ್ಟು ಚಳಿಗಾಲ ಬದುಕಿತು. ಬೂಟುಗಳ ತಳವನ್ನು ಮೂಲೆಯ ಚಪ್ಪಲಿಯವನು ಎಷ್ಟೋ ಸಲ ಬದಲಿಸಿಕೊಟ್ಟ.

ನಾನು ಬಹಳ ಕಾಲ ಇದನ್ನು ನಗೆಯ ಕಥೆಯಾಗಿ ಹೇಳುತ್ತಿದ್ದೆ, ಧಾರವಾಡದ ಹಾಸ್ಟೆಲಿನಲ್ಲಿ, ಆಮೇಲೆ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ. ಕೇಳಿದವರೆಲ್ಲ ನಕ್ಕಿದ್ದಾರೆ. ಜ್ವರದ ಆ ದಿನವನ್ನು ಕಥೆಯಲ್ಲಿ ಸೇರಿಸುತ್ತಿರಲಿಲ್ಲ, ಅದಕ್ಕೆ ಅಲ್ಲಿ ಕೆಲಸವಿರಲಿಲ್ಲ. ಒಮ್ಮೆ ಮಾತ್ರ ಸೇರಿಸಿದೆ. ಎದುರಿಗೆ ಕೂತವರು ಯಾರೂ ನಗಲಿಲ್ಲ. ಅಂದಿನಿಂದ ಸುಳ್ಳೆಂದು ನಾವೆಲ್ಲ ತಿಳಿದಿದ್ದ ಆ ಬಸಿರು ಸುಳ್ಳಾಗಿರಲಿಲ್ಲವೇನೋ ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಹಾಗಿದ್ದರೆ ಕಂಬಳಿಯನ್ನು ನಾಯಿಗೆ ಹೊದಿಸಿದ ಬೆಳಿಗ್ಗೆ ಅವಳು ನಿಜ ಹೇಳಿದ್ದೋ, ನಿಜವನ್ನು ಮುಚ್ಚಿದ್ದೋ? ಅವ್ವನನ್ನು ಕೇಳಿದೆ. "ಜ್ವರ ಬಂದಿತ್ತು," ಎಂದಳು, ಮೊದಲಿನ ಹಾಗೆಯೇ.

ಕಾಕಿ ಈಗ ಅಕ್ಕಲಕೋಟೆಯಲ್ಲಿ ತನ್ನ ತಂಗಿಯ ಮಕ್ಕಳ ಜೊತೆ ಇದ್ದಾಳೆ. ಕಿವಿ ಚೆನ್ನಾಗಿ ಕೇಳಿಸುತ್ತದೆ, ಮಾತೂ ಚುರುಕು. ಬೂಟುಗಳು ಎಷ್ಟಿದ್ದವು ಎಂದು ಕೇಳಿದರೆ ಅವಳೂ ಮೂರೇ ಎನ್ನುತ್ತಾಳೆ. ಹೋದ ಸಲ ಅವಳ ಪಕ್ಕದಲ್ಲಿ ಕೂತು ಜೋಳದ ಕಲ್ಲು ಆರಿಸುತ್ತಿದ್ದಾಗ ಇನ್ನೊಂದನ್ನು ಕೇಳಿದೆ. ಅವಳು ಒಂದು ಕಲ್ಲನ್ನು ಹೆಕ್ಕಿ ಬದಿಗಿಟ್ಟಳು, ಮತ್ತೊಂದನ್ನು ಹುಡುಕತೊಡಗಿದಳು. ಮೊರ ಖಾಲಿಯಾಯಿತು, ನಾನು ಬಸ್ಸಿಗೆ ಎದ್ದೆ. ಕೇಳಿಸಿದೆ ಎಂದು ಗೊತ್ತು. ನಾನು ಕೇಳಿದ್ದು ಇಷ್ಟೇ:

"ಕಾಕಿ, ಎಲ್ಲಾರೂ ಎದ್ದು ಹ್ವಾದ ಮ್ಯಾಲನೂ ನೀ ಅಳಾಕತ್ತಿದ್ದೆಲ್ಲ, ಅದು ಯಾರ ಸಲುವಾಗಿ?"